ಮಂಗಳವಾರದ ಕುರ್ಚಿ

ವಿಜಯಪುರ
6 ಅಕ್ಟೋಬರ್ 2025, ಸೋಮವಾರ

ಅವ್ವಾ,

ಬುತ್ತಿ ಮುಟ್ಟಿತು. ರೊಟ್ಟಿ ಒಂದೂ ಮುರಿದಿರಲಿಲ್ಲ. ಕನಮಡಿ ಗಾಡಿಯ ಕಂಡಕ್ಟರ್ ಗಂಟನ್ನು ಕೈಗಿಡುತ್ತ, "ನಿಮ್ಮವ್ವ ಹಾಕಿದ ಗಂಟ ಬಿಚ್ಚಾಕ ಪೈಲವಾನನ ಬೇಕ ನೋಡವಾ" ಎಂದು ನಕ್ಕರು. ಶೇಂಗಾ ಹಿಂಡಿ ಮಾತ್ರ ಹಾಸ್ಟೆಲ್ಲಿನ ಬಾಗಿಲು ದಾಟುವಷ್ಟರಲ್ಲಿ ಅರ್ಧ ಖಾಲಿ. ಈ ಹುಡುಗಿಯರ ಮೂಗು ಬಹಳ ಚುರುಕು.

ಖಾಲಿ ಡಬ್ಬಿಯೊಳಗೆ ಈ ಪತ್ರ ಇಟ್ಟು ಕಳಿಸುತ್ತಿದ್ದೇನೆ. ವಾರ್ಡನ್ನರ ಫೋನಿನಲ್ಲಿ ಮಾತಾಡಬೇಕೆಂದರೆ ಹಿಂದೆ ಸಾಲು ನಿಂತವರೆಲ್ಲ ಕಿವಿ ತೆರೆದುಕೊಂಡಿರುತ್ತಾರೆ. ಅಲ್ಲಿ "ಆರಾಮ ಅದೇನಿ, ನೀವು ಆರಾಮ?" ಬಿಟ್ಟರೆ ಬೇರೇನೂ ಬಾಯಿಗೆ ಬರುವುದಿಲ್ಲ. ಆರನೇ ಇಯತ್ತೆಯಿಂದ ಹಾಸ್ಟೆಲ್ಲಿನಲ್ಲೇ ಬೆಳೆದವಳಿಗೆ ನಿನ್ನ ಜೊತೆ ಮಾತಾಡುವುದೆಂದರೆ ಬರೆಯುವುದೇ ಆಗಿಬಿಟ್ಟಿದೆ.

ಈಗ ವಿಷಯಕ್ಕೆ ಬರುತ್ತೇನೆ. ಜಿಲ್ಲೆಯ ಕಾಲೇಜು ಹುಡುಗ ಹುಡುಗಿಯರಿಗೆಲ್ಲ ಒಂದು ಚಿತ್ರಕಲಾ ಸ್ಪರ್ಧೆ ಇಟ್ಟಿದ್ದಾರೆ. ಡಿಸೆಂಬರ್ ಹತ್ತು ಮಾನವ ಹಕ್ಕುಗಳ ದಿನವಲ್ಲವೇ, ಅವತ್ತು ಪ್ರದರ್ಶನ. ಹಕ್ಕುಗಳಿಗಾಗಿ ಎದ್ದು ನಿಂತವರ ಚಿತ್ರ ಬರೆಯಬೇಕು, ಅವರನ್ನು ನೋಡಿ ನಮಗೂ ಎದ್ದು ನಿಲ್ಲಬೇಕು ಅನಿಸಿರಬೇಕು. ನಮಗೆ ಚಿತ್ರಕಲೆ ಹೇಳಿಕೊಡುವ ನಿಖತ ಮೇಡಂ ಕೇಳದೆಯೇ ನನ್ನ ಹೆಸರು ಬರೆದುಕೊಂಡರು. ಉಳಿದವರೆಲ್ಲ ದೊಡ್ಡ ದೊಡ್ಡವರ ಫೋಟೊ ಮುಂದಿಟ್ಟುಕೊಂಡು ಕೂತಿದ್ದಾರೆ. ನಾನು ನಿನ್ನನ್ನು ಬರೆಯುತ್ತೇನೆ.

ಈಗಲೇ ಹುಬ್ಬು ಗಂಟಿಕ್ಕಬೇಡ. ನಾನು ಸಣ್ಣವಳಿದ್ದಾಗ ಊರಿನ ಕಟಿಂಗ್ ಅಂಗಡಿಯಲ್ಲಿ ನಮ್ಮ ಕೇರಿಯವರ ತಲೆ ಮುಟ್ಟುತ್ತಿರಲಿಲ್ಲ. ಅಪ್ಪ, ಕಾಕಾ ಎಲ್ಲರೂ ಕೂದಲು ತೆಗೆಸಿಕೊಳ್ಳಲು ಬಸ್ಸು ಹತ್ತಿ ತಿಕೋಟಾಕ್ಕೆ ಹೋಗುತ್ತಿದ್ದರು. ನೀನು ಅದೇ ತಿಕೋಟಾದ ಸಂತೆಯಿಂದ ಕತ್ತರಿ, ಹಣಿಗೆ ತಂದು, ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಇಡೀ ಊರು ನೋಡುವ ಹಾಗೆ ಅಪ್ಪನನ್ನು ಕೂರಿಸಿ ತಲೆಗೆ ಕತ್ತರಿ ಹಾಕಿದೆ. ಆಮೇಲೆ ಕೇರಿಯವರೆಲ್ಲ ನಿನ್ನ ಮುಂದೆ ಬಂದು ಕೂತರು. ನನಗೆ ಅಪ್ಪನ ಹೆಗಲ ಮೇಲೆ ಹೊದಿಸಿದ್ದ ನಿನ್ನ ಹಸಿರು ಸೀರೆಯ ತುಂಡು ಮಾತ್ರ ಸರಿಯಾಗಿ ನೆನಪಿದೆ. ಕೊನೆಗೆ ಊರೇ ಸೋತು ಸಂಗು ಕಾಕಾನ ಆ ಕಟಿಂಗ್ ಅಂಗಡಿ ನಮಗೂ ತೆರೆಯಿತು. ಇದಕ್ಕಿಂತ ದೊಡ್ಡ ಹೋರಾಟ ಯಾವುದು, ಹೇಳು?

ಅವತ್ತು ಏನೇನಾಯಿತು, ಯಾರು ಏನಂದರು, ಎಲ್ಲ ಬಿಡಿಸಿ ಬರಿ. ಚಿತ್ರಕ್ಕೆ ಬೇಕು.

ನಿನ್ನ
ಮಾಲಾ


ಕರಿಹಳ್ಳ
12 ಅಕ್ಟೋಬರ್, ಐತವಾರ

ಮಾಲಾಗ ಅವ್ವ ಬರೆಯೂದು,

ನಿನ್ನ ಪತ್ರ ಓದಿದೆ. ಅವ್ವಗ ಬರದದ್ದೋ, ಸಾಲಿ ತಪಾಸಣಿಗೆ ಬಂದ ಸಾಹೇಬಗ ಬರದದ್ದೋ ತಿಳೀಲಿಲ್ಲ. ನಾ ಏಳನೇ ಇಯತ್ತೆ ಓದಿದಾಕಿ. ನನಗ ಮಾತಾಡಿದಂಗ ಬರಿಯಾಕ ಬರತೈತಿ, ಹಂಗ ಬರೀತೇನಿ.

ತೋಟದಾಗ ದ್ರಾಕ್ಷಿ ಬಳ್ಳಿ ಕತ್ತರಸೂ ಚಾಟಣಿ ನಡದೈತಿ. ಬಸಗೊಂಡಪ್ಪ ಗೌಡ್ರು ಹೊತ್ತ ಹೊಂಡೂದ್ರಾಗ ಬರ್ರಿ ಅಂತಾರ, ಹೊತ್ತ ಮುಣಗಿದ್ರೂ ಬಿಡಂಗಿಲ್ಲ. ಬಳ್ಳಿ ಕತ್ತರಿಸಿ ಕತ್ತರಿಸಿ ಬೊಟ್ಟ ಬಾತಾವ. ಆದ್ರೂ ನಾ ಅವರನ್ನ ಬೈಯೂದಿಲ್ಲ. ನನಗೂ ನಿಮ್ಮಪ್ಪಗೂ ಒಂದ ತೋಟದಾಗ ವರ್ಷಾ ಪೂರ್ತಿ ಕೆಲಸ ಐತಿ, ಅದಕ್ಕ ನೀ ಅಲ್ಲಿ ಓದಾಕತ್ತಿ. ಅದನ್ನ ಮರೀಬ್ಯಾಡ.

ನನ್ನ ಚಿತ್ರಾ ಬ್ಯಾಡ. ಬಾಬಾಸಾಹೇಬರದ ಬರಿ, ಇಲ್ಲಾ ಯಾರರೆ ದೊಡ್ಡವರದ ಬರಿ. ನನ್ನಂಥಾಕಿ ಮಾರಿ ನೋಡಿ ಯಾರ ಎದ್ದ ನಿಲ್ತಾರ? ನಿಂತವರೂ ಕುಂದರತಾರ. ಆ ಕತ್ತರಿ ಸುದ್ದಿ ಮುಗದ ಹೋದದ್ದು. ಬೂದಿ ಕೆದರಿದ್ರ ಅದು ನಮ್ಮ ಕಣ್ಣಾಗನ ಬೀಳೂದು.

ದೀಪಾವಳಿಗೆ ಬಾ. ಬರೂಮುಂದ ಡಬ್ಬಿ ಮರೀಬ್ಯಾಡ. ಮತ್ತ ಇನ್ನೊಂದು. ಹೋದ ಸಲ ಬಂದಾಗ ಮಂಗಳವಾರ ಉಗುರು ತಕ್ಕೊಂಡ ಕುಂತಿದ್ದಿ, ನಾ ಬೈದೆ. ಅಲ್ಲೂ ಹಂಗ ಮಾಡತಿರಬೇಕ ನೀನು. ಮಂಗಳವಾರ ಉಗುರು, ಕೂದಲ ತಗೀಬಾರದು, ಮನಿಗೆ ಚಲೋ ಅಲ್ಲ.

ನಿಮ್ಮವ್ವ
ಪರಸವ್ವ


ವಿಜಯಪುರ
3 ನವೆಂಬರ್, ಸೋಮವಾರ

ಅವ್ವಾ,

ಓದುವ ಮುಂಚೆ ಕೂತುಕೊ. ಬೈಯುವುದಿದ್ದರೂ ಕೂತೇ ಬೈ.

ನಿನ್ನ ಮಾತು ಮೀರಿ ಬರೆದೆ. ದೀಪಾವಳಿಗೆ ಬಂದಾಗ ನಾನು ಕತ್ತರಿಯ ಸುದ್ದಿ ತೆಗೆದಾಗಲೆಲ್ಲ ನೀನು ಒಲೆಗೆ ಕಟ್ಟಿಗೆ ತುಂಬುತ್ತಿದ್ದೆ, ಅಪ್ಪ ಎದ್ದು ಆಡು ಕಟ್ಟಿದ ಕಡೆ ಹೋಗುತ್ತಿದ್ದ. ಹೇಳದಿದ್ದರೆ ಬಿಡಲಿ, ಕಣ್ಣು ನನಗೂ ಇವೆ ಎಂದುಕೊಂಡೆ. ಹಬ್ಬದ ಮಂಗಳವಾರ ಅಪ್ಪ ಟವೆಲ್ ಮರೆತು ಕಟಿಂಗಿಗೆ ಹೋಗಿದ್ದ, ನೆನಪಿದೆಯೇ? "ಇರಲಿ ಬಿಡ, ನೀ ಹೋಗಬ್ಯಾಡ" ಎಂದು ನೀನು ಕೂಗುತ್ತಿದ್ದರೂ ನಾನು ಟವೆಲ್ ಹಿಡಿದು ಓಡಿದೆ. ಕೊಟ್ಟು ಬಂದು ಅಂಗಡಿಯ ಎದುರಿನ ಕಟ್ಟೆಯ ಮೇಲೆ ಕೂತು ಪೆನ್ಸಿಲಿನಲ್ಲಿ ಗೀಚಿಕೊಂಡೆ.

ಬಾಗಿಲಿಗೆ ಮಂಗಳವಾರ ರಜೆ ಎಂಬ ಬೋರ್ಡು ನೇತಾಡುತ್ತಿತ್ತು. ರಜೆಯ ದಿನವೂ ಅಪ್ಪನಿಗಾಗಿ ಶಟರ್ ಅರ್ಧ ಎತ್ತಿ, ಒಳಗೆ ನಿಧಾನವಾಗಿ ಕತ್ತರಿ ಆಡಿಸುತ್ತಿದ್ದ ಸಂಗು ಕಾಕಾನನ್ನು ನೋಡಿ ನನಗೆ ಕಣ್ಣು ತುಂಬಿ ಬಂತು. ಒಂದು ಕಾಲಕ್ಕೆ ಮುಟ್ಟದ ತಲೆಯ ಮೇಲೆ ಇವತ್ತು ಎಷ್ಟು ಪ್ರೀತಿ!

ಅದನ್ನೇ ಬರೆದೆ. ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತ ಅಪ್ಪ. ಹಿಂದೆ ಸಂಗು ಕಾಕಾ. ಅರ್ಧ ಎತ್ತಿದ ಶಟರಿನ ಬಾಗಿಲಲ್ಲಿ ನೀನು, ಕೈಯಲ್ಲಿ ನಿನ್ನ ಹಳೆಯ ಕತ್ತರಿ. ಪಕ್ಕದಲ್ಲಿ ಖಾಲಿ ಬೆಂಚು. ಬೋರ್ಡು ಮಾತ್ರ ಬಿಟ್ಟೆ, ಚಿತ್ರಕ್ಕೆ ಚಂದ ಕಾಣಲಿಲ್ಲ. "ಒಂದೇ ಕುರ್ಚಿ" ಎಂದು ಹೆಸರಿಟ್ಟೆ. ಕೆಳಗೆ ನಿಮ್ಮ ಹೆಸರು, ಊರಿನ ಹೆಸರು ಬರೆಯಬೇಕಿತ್ತು, ಬರೆದೆ.

ಅವ್ವಾ, ಮೊದಲ ಬಹುಮಾನ! ನಿಖತ ಮೇಡಂ ನನ್ನನ್ನು ತಬ್ಬಿಕೊಂಡರು. ಅಷ್ಟೇ ಅಲ್ಲ. ಸ್ಪರ್ಧೆ ನಡೆಸುವವರು ಊರಿನ ಹಿರಿಯರೆಂದು ಬಸಗೊಂಡಪ್ಪ ಗೌಡರಿಗೆ ಫೋನ್ ಮಾಡಿದ್ದಾರೆ. ಗೌಡರಿಗೆ ಬಹಳ ಖುಷಿಯಾಯಿತಂತೆ. ಡಿಸೆಂಬರ್ ಹತ್ತಕ್ಕೆ ನೀನು, ಅಪ್ಪ, ಸಂಗು ಕಾಕಾ, ಗೌಡರು ನಾಲ್ವರೂ ಇಲ್ಲಿಗೆ ಬರಬೇಕು. ವೇದಿಕೆಯ ಮೇಲೆ ಸನ್ಮಾನ. ನಮ್ಮೂರಲ್ಲಿ ಈಗ ಭೇದವಿಲ್ಲ, ಎಲ್ಲರಿಗೂ ಒಂದೇ ಕುರ್ಚಿ ಎಂದು ನೀನು ಮೈಕಿನಲ್ಲಿ ಹೇಳಬೇಕಂತೆ.

ಈಗ ಬೈ. ಆದರೆ ಜೋರಾಗಿ ಬೈಯಬೇಡ, ಬೈಯುವಾಗ ನಿನಗೆ ನಗು ಬಂದುಬಿಡುತ್ತದೆ.

ನಿನ್ನ
ಮಾಲಾ


ವಿಜಯಪುರ
17 ನವೆಂಬರ್, ಸೋಮವಾರ

ಅವ್ವಾ,

ಹೋದ ಸೋಮವಾರ ಬುತ್ತಿ ಬಂತು, ಪತ್ರ ಬರಲಿಲ್ಲ. ಇವತ್ತೂ ಅಷ್ಟೇ. ಹಿಂಡಿಯ ಡಬ್ಬಿಯ ತಳದವರೆಗೂ ಹುಡುಕಿದೆ. ರೊಟ್ಟಿಯ ಅಂಚು ಹೊತ್ತಿದ್ದವು. ನಿನ್ನ ಕೈಯ ರೊಟ್ಟಿ ಹೊತ್ತಿದ್ದು ನಾನು ಕಂಡಿಲ್ಲ.

ನಿನ್ನೆ ಫೋನ್ ಮಾಡಿದರೆ ಅಪ್ಪ ಎತ್ತಿದ. "ಅವ್ವ ತೋಟಕ್ಕ ಹೋಗ್ಯಾಳ" ಎಂದ. ಅವನ ಹಿಂದೆಯೇ ನೀನು ಕೆಮ್ಮಿದ್ದು ನನಗೆ ಕೇಳಿಸಿತು.

ಸಿಟ್ಟಿದ್ದರೆ ಹೇಳು. ನನಗೂ ಸಿಟ್ಟು ಬಂದಿದೆ. ಇಲ್ಲಿ ಎಲ್ಲರ ಮನೆಯವರೂ ಸಣ್ಣ ಸರ್ಟಿಫಿಕೇಟ್ ಬಂದರೂ ಪೇಡೆ ಹಂಚುತ್ತಾರೆ. ನನ್ನ ಅವ್ವ ಮಾತು ಬಿಟ್ಟಿದ್ದಾಳೆ. ನಿನ್ನನ್ನು ನಾಲ್ಕು ಜನರ ಮುಂದೆ ದೊಡ್ಡವಳನ್ನಾಗಿ ಮಾಡಿದ್ದು ತಪ್ಪೇ? ತಪ್ಪಾಗಿದ್ದರೆ ಏನು ತಪ್ಪು ಎಂದಾದರೂ ಬರಿ. ಸುಮ್ಮನಿದ್ದರೆ ನನಗೆ ಅನ್ನ ಇಳಿಯುವುದಿಲ್ಲ.

ಮಾಲಾ


ಕರಿಹಳ್ಳ
23 ನವೆಂಬರ್, ಐತವಾರ

ಮಾಲಾ,

ನಿನ್ನ ಪತ್ರಗೋಳು ಸಕ್ಕರಿ ಡಬ್ಬಿ ಕೆಳಗ ಅದಾವ. ದಿನಾ ತಗದ ಓದತೇನಿ, ಮತ್ತ ಅಲ್ಲೇ ಇಡತೇನಿ. ನಿನ್ನ ಮ್ಯಾಲ ಸಿಟ್ಟಿಲ್ಲ. ಯಾರ ಮ್ಯಾಲ ಸಿಟ್ಟ ಮಾಡಬೇಕನ್ನೂದ ತಿಳೀವಲ್ದು, ಅದಕ್ಕ ರೊಟ್ಟಿ ಹೊತ್ತಾಕತ್ತಾವ.

ಗೌಡ್ರು ನಮ್ಮ ಮನಿತನಾ ಬಂದಿದ್ರು. ಹೊಸ್ತಲಾ ದಾಟಲಿಲ್ಲ, ಅಂಗಳದಾಗ ನಿಂತ ಮಾತಾಡಿದ್ರು. "ಪರಸವ್ವಾ, ನಿನ್ನ ಮಗಳು ಊರಿಗೆ ಹೆಸರ ತಂದ್ಳು. ಹೊಸಾ ಸೀರಿ ನಾ ಕೊಡಸತೇನಿ, ನನ್ನ ಗಾಡ್ಯಾಗ ಹೋಗೂನು. ನೀ ಎರಡ ಮಾತ ಹೇಳಿದ್ರ ಮುಗೀತು" ಅಂದ್ರು. ಯಾವ ಎರಡ ಮಾತ್ರಿ ಅಂದೆ. "ಅದ, ನಮ್ಮೂರಾಗ ಅಂಥಾದ್ದೇನೂ ಇಲ್ಲ ಅಂತ. ಖರೇನ ಐತೆಲ್ಲ? ಸಂಗು ನಿಮ್ಮ ತೆಲಿ ಮಾಡತಾನೋ ಇಲ್ಲೋ?" ಅಂದ್ರು. ಮಾಡತಾನ್ರಿ ಅಂದೆ.

ಮಾಲಾ, ನೀ ಬರದದ್ದು ಖರೆ ಐತಿ. ಕುರ್ಚಿ ಒಂದ. ವಾರ ಬ್ಯಾರೆ.

ಮಂಗಳವಾರ ಊರಾಗ ಯಾರೂ ತೆಲಿ ಕೊಡಂಗಿಲ್ಲ. ಕೆಟ್ಟ ವಾರ, ಅಂಗಡಿ ಬಂದ್. ಆ ವಾರ ನಮ್ಮ ಕೇರಿದು. ಅಂಗಡಿ ಬಂದ್ ಇದ್ದ ದಿನಾ ನಾವ ಹೋಗಬೇಕು, ಸಂಜಿಮುಂದ ಸಂಗು ಕುರ್ಚಿ ತೊಳದ ಇಡಬೇಕು, ಬುಧವಾರ ಊರ ಮಂದಿ ಬಂದ ಕುಂದರಬೇಕು. ಶಟರ್ ಅರ್ಧಾ ಎತ್ತಿದ್ದ ಅಂತ ಬರದಿ. ಅದು ಎತ್ತಿದ್ದಲ್ಲವಾ, ಇಳಸಿದ್ದು. ಹಾದಿಗುಂಟ ಹೋಗವರಿಗೆ ಕಾಣಬಾರದು ಅಂತ. ನಿನಗ ಟವೆಲ್ ಒಯ್ಯಬ್ಯಾಡ ಅಂದದ್ದೂ ಅದಕ್ಕನ.

ಆವಾಗ ಏನಾತು ಅಂತ ಕೇಳಿದ್ದೆಲ್ಲ. ನಾ ಒಂದ ವರ್ಷಾ ಬಸ್ ಸ್ಟ್ಯಾಂಡ್ ಕಟ್ಟಿ ಮ್ಯಾಲ ಕತ್ತರಿ ಹಿಡದೆ. ಬಸ್ಸಿನಾಗಿನ ಪರ ಊರ ಮಂದಿ ಕಿಡಕ್ಯಾಗಿಂದ ನೋಡಿ, ಈ ಊರಾಗ ಹಿಂಗ್ಯಾಕ ಅಂತ ಕೇಳಾಕತ್ರು. ಊರ ಮಾನ ಹೊಂಟೈತಿ ಅಂತ ಹಿರ್ಯಾರು ಕೂಡಿದ್ರು. ನಮ್ಮ ಕೇರಿ ಗಂಡಸರನ್ನ ಕರದ್ರು. "ಸಂಗು ನಿಮ್ಮ ತೆಲೀನೂ ಮಾಡತಾನ. ಮಂಗಳವಾರ ಬರ್ರಿ. ಆ ಹೆಣಮಗಳ ಕೈಯಾಗಿನ ಕತ್ತರಿ ಒಳಗ ಇಡಸ್ರಿ" ಅಂದ್ರು. ನಿಮ್ಮಪ್ಪ, ಉಳದವರು ಎಲ್ಲಾ ಕೂಡಿ ಹೂಂ ಅಂದ ಬಂದ್ರು. ತಿಕೋಟಾಕ ಹೋಗೂದ ತಪ್ಪಿತು, ಜಗಳಾನೂ ತಪ್ಪಿತು ಅಂದ್ರು. ನನ್ನ ಯಾರೂ ಕೇಳಲಿಲ್ಲ. ಕತ್ತರಿ ಟ್ರಂಕಿನ ತಳಕ್ಕ ಹೋತು. ಅವತ್ತಿನಿಂದ ಈ ಮಾತ ತಗದ್ರ ನಿಮ್ಮಪ್ಪ ಎದ್ದ ಹೋಗತಾನ. ನೀ ಹುಟ್ಟಿದ ಮನ್ಯಾಗ ಇದು ದಿನಾ ಇತ್ತು, ಯಾರೂ ಬಾಯಿ ಬಿಟ್ಟ ಹೇಳಲಿಲ್ಲ ನಿನಗ.

ಮೊನ್ನಿ ಸಂಗು ಹಿತ್ತಲ ಬಾಗಲಕ್ಕ ಬಂದ. "ಪರಸಕ್ಕಾ, ನೀ ಅಲ್ಲಿ ಮೈಕಿನಾಗ ಖರೆ ಹೇಳಿದ್ರ ನಿಮ್ಮ ಮಂಗಳವಾರನೂ ಹೋಗತೈತಿ, ನನ್ನ ಅಂಗಡೀನೂ ಹೋಗತೈತಿ. ಊರ ಮಂದಿ ಬರೂದ ಬಿಟ್ರ ನನ್ನ ಹುಡುಗ್ರು ಏನ ತಿನ್ನಬೇಕು? ಹೊಟ್ಟಿ ಮ್ಯಾಲ ಹೊಡೀಬ್ಯಾಡ ನಮ್ಮವ್ವಾ" ಅಂದ. ಅವನೂ ಕೆಟ್ಟಾವಲ್ಲ, ಕೈ ನಂಬಿ ಬದುಕೂ ಮನಷ್ಯಾ.

ಸುಳ್ಳ ಹೇಳಾಕ ನನಗ ಬಾಯಿ ಬರಂಗಿಲ್ಲ. ಖರೆ ಹೇಳಾಕ ಧೈರ್ಯ ಇಲ್ಲ. ತೋಟದ ಕೆಲಸ ಹ್ವಾದ್ರ ನಿನ್ನ ಓದು ಹೋಗತೈತಿ. ಅದಕ್ಕ ನಾ ಬರಂಗಿಲ್ಲ. ಅವ್ವಗ ಜ್ವರಾ ಬಂದೈತಿ ಅಂತ ಹೇಳು. ಚಿತ್ರಾ ಇರಲಿ ಬಿಡು, ಬಹುಮಾನ ತಗೊ. ನೀ ಸುಳ್ಳ ಬರದಿಲ್ಲ, ನಿನಗ ಗೊತ್ತಿರಲಿಲ್ಲ.

ನಿಮ್ಮವ್ವ
ಪರಸವ್ವ


ವಿಜಯಪುರ
25 ನವೆಂಬರ್, ಮಂಗಳವಾರ

ಅವ್ವಾ,

ನಿನ್ನ ಪತ್ರವನ್ನು ನಿನ್ನೆ ಬಸ್ ಸ್ಟ್ಯಾಂಡಿನಲ್ಲೇ ಒಡೆದೆ. ಓದಿ ಮುಗಿದ ಮೇಲೂ ಅಲ್ಲೇ ಕೂತಿದ್ದೆ. ಕನಮಡಿ ಗಾಡಿ ತಿರುಗಿ ಊರ ಕಡೆ ಹೊರಟಿತು. ಅದನ್ನು ಹತ್ತಿ ಬಂದುಬಿಡಲೇ ಅನಿಸಿತು. ಬಂದು ಯಾರ ಮುಂದೆ ಕೂಗಾಡಬೇಕೆಂದು ತಿಳಿಯದೆ ಹಾಸ್ಟೆಲ್ಲಿಗೆ ಹೋದೆ.

ಎಂಥ ಕುರುಡಿ ನಾನು! ಮಂಗಳವಾರ ಉಗುರು ತೆಗೆದರೆ ನೀನು ನನ್ನ ಕೈಗೆ ಹೊಡೆಯುತ್ತಿದ್ದೆ. ಅದೇ ಮಂಗಳವಾರ ಅಪ್ಪ ಕೂದಲು ತೆಗೆಸಿಕೊಂಡು ಬಂದು ಬಚ್ಚಲಿಗೆ ಹೋಗುತ್ತಿದ್ದ. ಎರಡೂ ನನ್ನ ಕಣ್ಣ ಮುಂದೆಯೇ ನಡೆಯುತ್ತಿದ್ದವು. ಒಂದು ದಿನವಾದರೂ ಕೇಳಲಿಲ್ಲವಲ್ಲ! ಮೇಲೆ ಅದನ್ನು ಪ್ರೀತಿ ಎಂದು ಬರೆದು ಬಹುಮಾನ ತಗೊಂಡೆ. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ನಿಖತ ಮೇಡಂಗೆ ಎಲ್ಲ ಹೇಳಿದೆ. ಚಿತ್ರವನ್ನು ಎದುರಿಗಿಟ್ಟುಕೊಂಡು ನೋಡಿದರು. ಆಮೇಲೆ, "ಚಿತ್ರ ವಾಪಸ್ ತಗೊಂಡ್ರ ಯಾರಿಗೂ ತ್ರಾಸ ಇಲ್ಲ. ಹಂಗ ಬಿಟ್ರ ಗೌಡ್ರಿಗೆ ಸರ್ಟಿಫಿಕೇಟ್ ಕೊಟ್ಟಂಗ. ತಿದ್ದಿ ಇಟ್ರ ನಿಮ್ಮ ಮನ್ಯಾಗ ಒಲಿ ಆರಬಹುದು. ಇದನ್ನ ನಾ ಹೇಳೂದಲ್ಲ ಮಾಲಾ, ನೀ ಒಬ್ಬಾಕೀನೂ ಹೇಳೂದಲ್ಲ. ಹೋಗಿ ಅವ್ವನ್ನ ಕೇಳು" ಎಂದರು.

ಪ್ರದರ್ಶನಕ್ಕೆ ಕಟ್ಟು ಹಾಕಿಸಿ ತರಲು ಕೊಟ್ಟಿದ್ದಾರೆ, ಚಿತ್ರ ಈಗ ನನ್ನ ಮಂಚದ ಮೇಲಿದೆ. ಕೇಳುವ ಮುಂಚೆ ಒಂದು ಕೆಲಸ ಮಾಡಿದೆ. ಬಿಟ್ಟಿದ್ದ ಬೋರ್ಡನ್ನು ಬಾಗಿಲಿಗೆ ಬರೆದೆ, ಮಂಗಳವಾರ ರಜೆ. ಬೇರೆ ಒಂದು ಗೆರೆಯನ್ನೂ ಮುಟ್ಟಲಿಲ್ಲ. ಅವ್ವಾ, ಅಷ್ಟಕ್ಕೇ ಇಡೀ ಚಿತ್ರ ಬೇರೆಯಾಗಿ ಹೋಯಿತು. ಬೆಂಚು ಯಾಕೆ ಖಾಲಿ ಎಂದು ತಿಳಿಯಿತು. ಶಟರ್ ಯಾಕೆ ಅರ್ಧ ಎಂದು ತಿಳಿಯಿತು. ಅಪ್ಪ ಕತ್ತರಿಗಾಗಿ ತಲೆ ತಗ್ಗಿಸಿದ್ದಾನೆ ಅಂದುಕೊಂಡಿದ್ದೆ. ನೋಡುತ್ತ ನೋಡುತ್ತ ನನಗೆ ಅಳು ಬಂತು.

ಇದನ್ನು ಬರುವ ಮಂಗಳವಾರ ಒಪ್ಪಿಸಬೇಕು. ಒಪ್ಪಿಸಿದರೆ ಡಿಸೆಂಬರ್ ಹತ್ತಕ್ಕೆ ಎಲ್ಲರೂ ನೋಡುತ್ತಾರೆ, ಗೌಡರೂ ನೋಡುತ್ತಾರೆ. ಆಮೇಲೆ ಏನಾಗುತ್ತದೆಂದು ನನಗಿಂತ ನಿನಗೆ ಗೊತ್ತು. ಅವತ್ತು ಹಿರಿಯರು ನಿನ್ನನ್ನು ಕೇಳದೆ ತೀರ್ಮಾನ ಮಾಡಿದರು. ನಾನು ಕೇಳಿದೆ, ನೀನು ಬೇಡ ಅಂದೆ, ಆದರೂ ಬರೆದೆ. ನನಗೂ ಅವರಿಗೂ ಏನು ಫರಕು? ಈ ಸಲ ನೀನು ಹೇಳಿದ ಹಾಗೆ. ಬೇಡ ಎಂದರೆ ಹರಿದು ಹಾಕುತ್ತೇನೆ, ಯಾಕೆಂದು ಕೇಳುವುದಿಲ್ಲ, ಮುನಿಸಿಕೊಳ್ಳುವುದೂ ಇಲ್ಲ. ಓದು ಬಿಡಬೇಕಾದರೆ ಬಿಟ್ಟು ನಿನ್ನ ಜೊತೆ ತೋಟಕ್ಕೆ ಬರುತ್ತೇನೆ, ಅದಕ್ಕೆ ಹೆದರಬೇಡ.

ಸೋಮವಾರದ ಬುತ್ತಿಯಲ್ಲಿ ಉತ್ತರ ಇರಲಿ. ಬರೆಯಲು ಆಗದಿದ್ದರೆ ಬರೀ ರೊಟ್ಟಿ ಕಳಿಸು, ಬೇಡ ಎಂದು ತಿಳಿಯುತ್ತೇನೆ. ಈ ಪತ್ರವನ್ನು ಅಪ್ಪನಿಗೂ ಓದಿ ಹೇಳು. ಎದ್ದು ಹೋದರೆ ಹಿಂದೆ ಹೋಗಿ ಓದು.

ನಿನ್ನ
ಮಾಲಾ


ಕರಿಹಳ್ಳ
30 ನವೆಂಬರ್, ಐತವಾರ

ಮಾಲಾ,

ಸಂಗುನ ಅಂಗಡಿ ಬೆಂಚಿನ ಮ್ಯಾಲ ಕುಂತ ಬರ್ಯಾಕತ್ತೇನಿ. ಅಕ್ಷರ ಸೊಟ್ಟ ಆಗ್ಯಾವ, ತಿಳಕೊಂಡ ಓದು. ಸುಮ್ಮ ಕುಂತ್ರ ಎದ್ದ ಹೋಗಬೇಕ ಅನಸತೈತಿ, ಪೆನ್ ಹಿಡದ್ರ ಕುಂದ್ರತೇನಿ.

ನಿನ್ನ ಪತ್ರ ನಿಮ್ಮಪ್ಪಗ ಓದಿ ಹೇಳಿದೆ. ಎದ್ದ ಹೋಗಲಿಲ್ಲ. ಕಡೀತನಾ ಕೇಳಿದ. ನಿನ್ನಿ ಮುಂಜಾನೆ ಮಾರಿ ತೊಳಕೊಂಡ ಬಂದ, "ಹುಡುಗಿ ಚಿತ್ರಾ ತಿದ್ದ್ಯಾಳ. ನಾವ ವಾರ ತಿದ್ದೂನು. ನಾಳಿ ಐತವಾರ ಹೋಗೂನು ನಡಿ" ಅಂದ. ಅವ ಅಂದನೋ ಗ್ವಾಡಿ ಅಂತೋ ಅನಿಸಿತ ನನಗ. "ತೋಟದ ಕೆಲಸ?" ಅಂದೆ. "ಅವತ್ತ ನಿನ್ನ ಕೇಳದ ಹೂಂ ಅಂದ ಬಂದೆ. ಇವತ್ತ ಕೇಳಾಕತ್ತೇನಿ. ನೀ ಹೂಂ ಅನ್ನು, ಇಲ್ಲಾ ಊಹೂಂ ಅನ್ನು" ಅಂದ. ನಾ ಹೂಂ ಅಂದೆ.

ಐತವಾರ ಅಂದ್ರ ಇಲ್ಲಿ ಭಾಳ ಮಂದಿ. ಬೆಂಚ ತುಂಬಿತ್ತು. ನಾವ ಒಳಗ ಕಾಲ ಇಟ್ಟ ಕೂಡ್ಲೆ ಮಾತ ನಿಂತವು. ಕುಂದ್ರಾಕ ಜಾಗಾ ಕೇಳೂದ ಬೇಕಾಗಲಿಲ್ಲ, ಒಬ್ಬೊಬ್ಬರ ಎದ್ದ ಹೊರಗ ಹ್ವಾದ್ರು. ಬೆಂಚ ಖಾಲಿ ಆತು, ನೀ ಬರದ ಚಿತ್ರದಾಗ ಇದ್ದಂಗ. ನಾವಿಬ್ಬರೂ ಕುಂತೇವಿ. ಕುರ್ಚ್ಯಾಗ ಒಬ್ಬಾವ ಅರ್ಧಾ ಗಡ್ಡಾ ತಗಸಿ, ಅರ್ಧಾ ಮಾರಿಗೆ ಸಾಬೂನ ಹಚಗೊಂಡ ಕುಂತಾನ. ಅವಗ ಎದ್ದ ಹೋಗಾಕೂ ಬರವಲ್ದು, ಕುಂದ್ರಾಕೂ ಆಗವಲ್ದು. ಇಂಥಾ ಅಂಜಿಕ್ಯಾಗೂ ನನಗ ನಗಿ ಬಂತು ನೋಡು.

ಸಂಗು ಕನ್ನಡ್ಯಾಗಿಂದ ನನ್ನ ನೋಡಾಕತ್ತಾನ. ಹೋಗ್ರಿ ಅಂತ ಕಣ್ಣಾಗ ಹೇಳಾಕತ್ತಾನ. ನಾ ತೆಲಿ ತಗ್ಗಿಸಿ ಬರ್ಯಾಕತ್ತೇನಿ.

ಗೌಡ್ರು ಬಂದ್ರು. ಹೊರಗ ಹ್ವಾದವರು ಯಾರೋ ಹೇಳಿರಬೇಕು. ಬಾಗಲದಾಗ ನಿಂತ ನಿಮ್ಮಪ್ಪಗ, "ಏನ ಪರಸಪ್ಪಾ, ವಾರ ಮರತೀಯೇನು?" ಅಂದ್ರು. ನಿಮ್ಮಪ್ಪ ಎದ್ದ ನಿಂತ. ಕೈ ಕಟ್ಟಲಿಲ್ಲ. "ಮರತಿಲ್ರಿ ಗೌಡ್ರ. ಭಾಳ ವರ್ಷಾ ನೆನಪ ಇಟಗೊಂಡೆ, ಸಾಕಾಗೈತ್ರಿ" ಅಂದ. "ತೋಟದ ನೆನಪರೆ ಐತೋ ಇಲ್ಲೋ?" ಅಂದ್ರು. ಇಂವ ಮತ್ತ ಕುಂತ. ಕುಂತ ಮ್ಯಾಲ ನನ್ನ ಮೊಣಕೈ ಹಿಡಕೊಂಡ.

ಸಾಬೂನಿನಾವ ಎದ್ದ ಓಡಿದ. ಸಂಗು ಅರಿವಿ ಝಾಡಿಸಿದ. ರೂಢಿ ನೋಡು, ಬಾಯಾಗಿಂದ ಬಂದ ಬಿಟ್ಟಿತು: "ಪಾಳಿ ಯಾರದು?"

ನಮ್ಮದು ಅಂದೆ. ಪೆನ್ ಇಡತೇನಿ.


ಮನ್ಯಾಗ ಕುಂತ ಉಳದದ್ದ ಬರೀತೇನಿ.

ನಿಮ್ಮಪ್ಪ ಕುರ್ಚ್ಯಾಗ ಕುಂತ. ಸಂಗು ಕತ್ತರಿ ಹಿಡದ ನಿಂತ, ನಿಂತ, ಕಡೀಕ ಕೆಳಗ ಇಟ್ಟ. "ನನ್ನ ಕಡಿಂದ ಆಗಂಗಿಲ್ಲ ಪರಸಕ್ಕಾ" ಅಂದ. ಅಳಾಕ ಹತ್ತಿದ್ದ. ಗೌಡ್ರು ಬಾಗಲದಾಗ ನಕ್ರು.

ನಾ ಟ್ರಂಕಿನಾಗಿನ ಕತ್ತರಿ ಸೆರಗಿನಾಗ ಕಟಗೊಂಡ ಹೋಗಿದ್ದೆ. ಯಾಕ ಕಟಗೊಂಡೆ ಅಂತ ಹೋಗೂಮುಂದ ನನಗೂ ಗೊತ್ತಿರಲಿಲ್ಲ. ಬಿಚ್ಚಿ ತಗದೆ. "ನೀ ಮುಟ್ಟಬ್ಯಾಡ ತಮ್ಮಾ, ನಿನ್ನ ಹೊಟ್ಟಿ ತಣ್ಣಗಿರಲಿ. ಕುರ್ಚಿ ಅಷ್ಟ ಕೊಡು" ಅಂದೆ. ನಿಮ್ಮಪ್ಪನ ಹೆಗಲಿಗೆ ನನ್ನ ಸೆರಗ ಹಾಕಿ ಹಿಂದಿಂದ ಸುರು ಮಾಡಿದೆ.

ತುಕ್ಕ ಹಿಡದ ಕತ್ತರಿ ಮಾಲಾ! ಕತ್ತರಸವಲ್ದು, ಜಗ್ಗಾಕತ್ತೈತಿ. ನಿಮ್ಮಪ್ಪ ಹಲ್ಲ ಕಡದ ಕುಂತಾನ. ಒಂದ ಕಡೆ ತಗ್ಗ, ಒಂದ ಕಡೆ ದಿಬ್ಬ. ಹೊರಗ ಮಂದಿ ನಗಾಕತ್ರು. ನನಗ ಕಣ್ಣ ಮಂಜ ಆದವು, ಆದ್ರೂ ಬಿಡಲಿಲ್ಲ. ಅಷ್ಟ್ರಾಗ ಸಂಗು ತಡೀಲಾರದ ಬಂದ ನನ್ನ ಕೈ ಹಿಡದ. "ಏ ಯಕ್ಕಾ, ಏನ ಮಾಡಾಕತ್ತಿ ಬೇ! ಇಲಿ ಕಡದಂಗ ಮಾಡಿದೆಲ್ಲ! ನನ್ನ ಕುರ್ಚ್ಯಾಗಿಂದ ಎದ್ದಾವ ಇಂಥಾ ತೆಲಿ ಹೊತಗೊಂಡ ಊರಾಗ ಅಡ್ಡಾಡಿದ್ರ ನನ್ನ ಕಸಬಿಗೆ ಯಾರ ಮರ್ಯಾದಿ ಕೊಡತಾರ? ಸರಿ ಆ ಕಡೆ!" ಅಂದ. ಸಿಟ್ಟಿಗೆದ್ದಿದ್ದ ಖರೇನ. ತನ್ನ ಕತ್ತರಿ ತಗೊಂಡ, ಹಣಿಗಿ ತಗೊಂಡ, ನಾ ಕೆಡಿಸಿದ್ದೆಲ್ಲಾ ತಿದ್ದಿ ಮುಗಿಸಿದ. ಗೌಡ್ರು "ಸಂಗ್ಯಾ" ಅಂತ ಎರಡ ಸಲ ಒದರಿದ್ರು. ಅವ ತೆಲಿ ಎತ್ತಲಿಲ್ಲ. ಮುಗಿಸಿದ ಮ್ಯಾಲ ಕನ್ನಡಿ ಹಿಡದ ನಿಮ್ಮಪ್ಪಗ ಹಿಂದಲೆ ತೋರಸಿದ, ಎಲ್ಲಾರಿಗೂ ತೋರಸ್ತಾನಂತ ಹಂಗ. ಮಂಗಳವಾರ ಒಮ್ಮೆರೆ ತೋರಸಿದ್ದಿಲ್ಲಂತ.

ಸಂಜಿಮುಂದ ತೋಟದ ಆಳು ಬಂದಿದ್ದ. ನಾಳಿಂದ ಇಬ್ಬರೂ ಬರಬ್ಯಾಡ್ರಿ ಅಂದ ಹ್ವಾದ. ಹಿಟ್ಟಿನ ಡಬ್ಬಿ ತಗದ ಎಷ್ಟ ದಿನಾ ಬರತೈತಿ ಅಂತ ನೋಡಿದೆ, ಸುಳ್ಳ ಯಾಕ ಹೇಳಲಿ. ಸಂಗುನ ಅಂಗಡಿಗೆ ಮಧ್ಯಾನದಿಂದ ಊರ ಮಂದಿ ಒಬ್ಬರೂ ಹೋಗಿಲ್ಲ. ನಮ್ಮ ಕೇರಿ ಹುಡುಗ್ರು ಮಾತ್ರ ಹೋಗಿ ಪಾಳಿ ಹಚ್ಚಿ ನಿಂತಾರ, ತೆಲಿ ತುಂಬ ಕೂದಲ ಇಲ್ಲದವರೂ. ಹೊನವಾಡ ಕಡೆ ದ್ರಾಕ್ಷಿ ತೋಟ ಭಾಳ ಅದಾವ, ಬಬಲೇಶ್ವರ ಕಡೇನೂ ಕೆಲಸ ಕೇಳಿ ನೋಡತೇವಿ. ನೀ ಓದ ಬಿಡೂ ಮಾತ ಇನ್ನೊಮ್ಮೆ ಬರದ್ರ ಮೈ ಮ್ಯಾಲ ಬರತೇನಿ.

ಬೋರ್ಡ ಇರೂ ಚಿತ್ರಾನ ಕೊಡು. ನಮ್ಮ ಹೆಸರ ಅಳಸಬ್ಯಾಡ, ಊರ ಹೆಸರೂ ಅಳಸಬ್ಯಾಡ. ಹತ್ತನೇ ತಾರೀಖ ನಾ ಬರತೇನಿ, ನನ್ನ ಸೀರಿ ಉಟಗೊಂಡ ಬಸ್ಸಿಗೆ ಬರತೇನಿ. ಮೈಕಿನಾಗ ಏನ ಹೇಳಬೇಕಂತ ಈಗ ಗೊತ್ತೈತಿ.

ನಾಳಿ ಕೆಲಸ ಇಲ್ಲೆಲ್ಲ, ಬುತ್ತಿ ನಾವಿಬ್ಬರೂ ತರತೇವಿ. ಈ ಪತ್ರಾನೂ ನಾನ ಕೈಯಾಗ ಕೊಡತೇನಿ. ಎದುರ ನಿಂತ ಇಷ್ಟೆಲ್ಲಾ ಹೇಳಾಕ ನನಗ ಬರಂಗಿಲ್ಲ, ಅದಕ್ಕ ಬರದೇನಿ. ನೀ ಓದೂತನಾ ನಾವಿಬ್ಬರೂ ಹೊರಗ ಕುಂತಿರತೇವಿ. ಓದಿ ಮುಗಿಸಿ ಬಂದ ನಿಮ್ಮಪ್ಪನ ತೆಲಿ ಹಿಂದ ಕೈ ಆಡಿಸಿ ನೋಡು. ಕೆಳಗ ಒಂದ ಕಡೆ ಇನ್ನೂ ತಗ್ಗ ಐತಿ. ಅದು ನಂದು, ಸಂಗುಗೂ ತಿದ್ದಾಕ ಆಗಲಿಲ್ಲ.

ನಿಮ್ಮವ್ವ
ಪರಸವ್ವ

ಮತ್ತ ಇನ್ನೊಂದು. ಉಗುರು ಬೆಳದಿದ್ರ ಮಂಗಳವಾರನೂ ತಗೊ. ನಾ ಬೈಯಂಗಿಲ್ಲ.